ಮೊದಲು ತೂಕ: ಬಿಎಸ್ಸಿಯಲ್ಲಿ ಮಕ್ಕಳ ನರ್ಸಿಂಗ್ ಓದಿದ ಬಗೆ

ಮಕ್ಕಳ ನರ್ಸ್ ಆಗಲು ನಮ್ಮಲ್ಲಿ ಬೇರೆಯೇ ಡಿಗ್ರಿ ಇಲ್ಲ. ಇಂಗ್ಲೆಂಡಿನಲ್ಲಿ ಸೇರುವಾಗಲೇ ಮಕ್ಕಳ ವಿಭಾಗ ಆರಿಸಿಕೊಳ್ಳಬಹುದು. ಇಲ್ಲಿ ಪಿಯುಸಿ ವಿಜ್ಞಾನದ ಮೇಲೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಎಲ್ಲರಿಗೂ ಒಂದೇ. ಈಗಿನ ಸೆಮಿಸ್ಟರ್ ಪದ್ಧತಿಯಲ್ಲಿ ಮಕ್ಕಳ ವಿಷಯ ಬರುವುದು 5 ಮತ್ತು 6ನೇ ಸೆಮಿಸ್ಟರಿನಲ್ಲಿ. ಪಾಸಾಗಿ, ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿ, ಒಂದು ವರ್ಷ ಕೆಲಸ ಮಾಡಿದ ಮೇಲೆ ಎರಡು ವರ್ಷದ ಎಂಎಸ್ಸಿಯಲ್ಲಿ ಮಕ್ಕಳ ವಿಭಾಗ ತೆಗೆದುಕೊಳ್ಳಬಹುದು. ಅಲ್ಲಿಯವರೆಗೆ ಮುಖ್ಯವಾಗಿ ಕೈಗೆ ಸಿಗುವುದು ಆ ಎರಡು ಸೆಮಿಸ್ಟರ್. ಹಾಗಾಗಿ ಬೆಂಗಳೂರಿನಲ್ಲಿ ಕಾಲೇಜು ಹುಡುಕುವವರು ಕಟ್ಟಡ ನೋಡುವುದಕ್ಕಿಂತ ಮಕ್ಕಳ ಪೋಸ್ಟಿಂಗ್ (ವಾರ್ಡಿನಲ್ಲಿ ಕೆಲಸ ಕಲಿಯುವ ಅವಧಿ) ಎಲ್ಲಿ, ಎಷ್ಟು ವಾರ, ಒಂದು ಮಂಚಕ್ಕೆ ಎಷ್ಟು ವಿದ್ಯಾರ್ಥಿಗಳು ಅಂತ ಸೀನಿಯರ್‌ಗಳನ್ನೇ ಕೇಳಿ. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ವಾಣಿವಿಲಾಸದಂಥ ಕಡೆ ಒಂದೇ ವಾರದಲ್ಲಿ ಕಾಣುವಷ್ಟು ಕಾಯಿಲೆ ಖಾಲಿ ವಾರ್ಡಿನಲ್ಲಿ ಒಂದು ಸೆಮಿಸ್ಟರ್ ನಿಂತರೂ ಕಾಣುವುದಿಲ್ಲ.

ಹೆಪಟೈಟಿಸ್ ಬಿ ಲಸಿಕೆ ಮೊದಲ ವರ್ಷದಲ್ಲೇ ಶುರು ಮಾಡಿಕೊಳ್ಳಿ. 0, 1, 6 ತಿಂಗಳು ಅಂತ ಮೂರು ಡೋಸ್, ಪೋಸ್ಟಿಂಗ್ ಹತ್ತಿರ ಬಂದಾಗ ನೆನಪಾದರೆ ಮುಗಿಯುವುದಿಲ್ಲ. ಸೀತಾಳೆ ಸಿಡುಬು ಚಿಕ್ಕಂದಿನಲ್ಲಿ ಆಗಿತ್ತೇ ಅಂತಲೂ ಮನೆಯಲ್ಲಿ ಕೇಳಿಕೊಂಡು ಬನ್ನಿ. ಅದು ಚಿಕನ್‌ಪಾಕ್ಸ್ ಆಗಿರಬೇಕು, ದಡಾರ ಅಲ್ಲ, ಎರಡನ್ನೂ ಮನೆಯವರು 'ಅಮ್ಮ' ಅಂದುಬಿಡುತ್ತಾರೆ.

ಇನ್ನು ಓದು. ದೊಡ್ಡವರ ವಾರ್ಡಿನಲ್ಲಿ ಮಾತ್ರೆ ಒಂದು, ಎರಡು. ಮಕ್ಕಳ ವಾರ್ಡಿನಲ್ಲಿ ಎಲ್ಲವೂ ಕೆಜಿಗೆ ಇಷ್ಟು. ಹಾಗಾಗಿ ತೂಕ ತಪ್ಪಿದರೆ ಔಷಧ, ಡ್ರಿಪ್ಸ್, ಆಹಾರ ಎಲ್ಲವೂ ತಪ್ಪುತ್ತವೆ. ಮೂರು ಕೆಜಿ ಕೂಸಿನ ಕಾಲಲ್ಲಿ ಬೆಳ್ಳಿ ಗೆಜ್ಜೆ, ಕೈಯಲ್ಲಿ ಬಳೆ, ಸೊಂಟಕ್ಕೆ ಉಡಿದಾರ, ಮೇಲೆ ಒದ್ದೆ ಡಯಾಪರ್. ಎಲ್ಲ ಸೇರಿ 150 ಗ್ರಾಂ ಆದರೆ ತೂಕದ ಶೇ 5ರಷ್ಟಾಯಿತು. ಭೇದಿಯಾದ ಮಗುವಿನಲ್ಲಿ ಅಷ್ಟೇ ತೂಕ ಇಳಿದರೆ ನೀರಿನಂಶ ಕಡಿಮೆಯಾಗಿದೆ ಎನ್ನುತ್ತೇವೆ. ಅಂದರೆ ನಿನ್ನೆ ಗೆಜ್ಜೆಯ ಸಮೇತ, ಇವತ್ತು ಬಿಚ್ಚಿ ತೂಗಿದರೆ ಇಲ್ಲದ ಕಾಯಿಲೆ ಚಾರ್ಟಿನಲ್ಲಿ ಹುಟ್ಟುತ್ತದೆ. ನಾನು ಪಾಲಿಸಿದ್ದು: ತಕ್ಕಡಿ ಮೇಲೆ ಬಟ್ಟೆ ಹಾಸಿ ಸೊನ್ನೆಗೆ ತರುವುದು, ಮಗುವನ್ನು ಬರಿಮೈಯಲ್ಲಿ ಮಲಗಿಸುವುದು, ಹಾಲು ಕುಡಿಸುವ ಮೊದಲು, ದಿನಾ ಅದೇ ಹೊತ್ತಿಗೆ, ಅದೇ ತಕ್ಕಡಿ. ಉಡಿದಾರ ಬಿಚ್ಚಲು ಅಜ್ಜಿ ಒಪ್ಪದಿದ್ದರೆ ಜಗಳ ಬೇಡ, 'ಉಡಿದಾರದ ಸಮೇತ' ಅಂತ ಬರೆದು ಮರುದಿನವೂ ಹಾಗೆಯೇ ತೂಗಿದರಾಯಿತು.

ಲೆಕ್ಕವನ್ನು ಥಿಯರಿ ಥರ ಓದಬೇಡಿ, ಬಾಟಲಿ ಹಿಡಿದು ಮಾಡಿ. 8 ಕೆಜಿ ಮಗುವಿಗೆ ಕೆಜಿಗೆ 15 ಮಿಗ್ರಾಂ ಪ್ಯಾರಾಸಿಟಮಾಲ್ ಎಂದರೆ 120 ಮಿಗ್ರಾಂ. ಅದೇ 120 ಮಿಗ್ರಾಂ, 5 ಮಿಲಿಗೆ 125 ಮಿಗ್ರಾಂ ಇರುವ ಸಿರಪ್ಪಿನಲ್ಲಿ 4.8 ಮಿಲಿ, 250 ಇರುವುದರಲ್ಲಿ 2.4 ಮಿಲಿ, 1 ಮಿಲಿಗೆ 100 ಇರುವ ಡ್ರಾಪ್ಸ್‌ನಲ್ಲಿ 1.2 ಮಿಲಿ. 125ರ ಸಿರಪ್ಪಿನ ಅಳತೆಯಲ್ಲೇ ಡ್ರಾಪ್ಸ್ ಕೊಟ್ಟರೆ ನಾಲ್ಕು ಪಟ್ಟು ಹೋಗುತ್ತದೆ. ಹೀಗಾಗಿ ಆರ್ಡರಿನಲ್ಲಿ ಬರೀ 'ಪ್ಯಾರಾಸಿಟಮಾಲ್ 5 ಮಿಲಿ' ಅಂತಿದ್ದರೆ ಕೊಡಬೇಡಿ, ಮಿಗ್ರಾಂ ಎಷ್ಟು ಅಂತ ಡಾಕ್ಟರನ್ನು ಕೇಳಿ. ಅದಕ್ಕೆ ಯಾರೂ ಬೈಯುವುದಿಲ್ಲ, ಬೈದರೂ ಕೇಳಿ.

ಡ್ರಿಪ್ಸ್ ಲೆಕ್ಕವೂ ಬಾಯಿಪಾಠ ಆಗಬೇಕು. ದಿನಕ್ಕೆ ಮೊದಲ 10 ಕೆಜಿಗೆ ಕೆಜಿಗೆ 100 ಮಿಲಿ, ಮುಂದಿನ 10ಕ್ಕೆ 50, ಅದರ ಮೇಲೆ 20. 14 ಕೆಜಿ ಮಗುವಿಗೆ 1000 ಮತ್ತು 200, ಒಟ್ಟು 1200, ಗಂಟೆಗೆ 50 ಮಿಲಿ. ಮೈಕ್ರೋ ಸೆಟ್ಟಿನಲ್ಲಿ (ಸಣ್ಣ ಹನಿಯ ಡ್ರಿಪ್ಸ್ ನಳಿಕೆ) 1 ಮಿಲಿಗೆ 60 ಹನಿ ಬರುವುದರಿಂದ ಗಂಟೆಗೆ ಎಷ್ಟು ಮಿಲಿಯೋ ನಿಮಿಷಕ್ಕೆ ಅಷ್ಟೇ ಹನಿ, ಇಲ್ಲಿ 50. ಈ ಸುಲಭವೇ ಎಡವಿಸುತ್ತದೆ. ಮೈಕ್ರೋ ಸೆಟ್ ಮುಗಿದಿದೆ ಅಂತ 20 ಹನಿಯ ದೊಡ್ಡವರ ಸೆಟ್ ಹಾಕಿ ಅದೇ 50 ಹನಿ ಬಿಟ್ಟರೆ ಗಂಟೆಗೆ 150 ಮಿಲಿ ಒಳಗೆ ಹೋಗುತ್ತದೆ. ಬ್ಯೂರೆಟ್ (ಬಾಟಲಿಯ ಕೆಳಗಿನ, ಅಳತೆ ಗೆರೆಯ ಚಿಕ್ಕ ಕೊಳವೆ) ಇದ್ದರೆ ಅದರಲ್ಲಿ ಒಂದೆರಡು ಗಂಟೆಗೆ ಬೇಕಾದಷ್ಟೇ ತುಂಬಿ ಮೇಲಿನ ಕ್ಲಾಂಪ್ ಮುಚ್ಚಬೇಕು. ಮಗು ಹೊರಳಿ ಹನಿ ಹೊಂದಿಸುವ ರೋಲರ್ ಸಡಿಲವಾದರೂ ಹೋಗುವುದು ಅಷ್ಟೇ. ಕ್ಲಾಂಪ್ ತೆರೆದೇ ಬಿಟ್ಟರೆ ಬ್ಯೂರೆಟ್ ಇದ್ದೂ ಇಲ್ಲದ ಹಾಗೆ.

ವೈಟಲ್ಸ್‌ಗೆ ಬಂದರೆ, ಉಸಿರು ಮೊದಲು, ಎದೆಬಡಿತ ಆಮೇಲೆ, ಜ್ವರ ಕೊನೆಗೆ. ಥರ್ಮಾಮೀಟರ್ ಕಂಕುಳಿಗೆ ಇಟ್ಟ ಮರುಕ್ಷಣ ಮಗು ಕಿರುಚುತ್ತದೆ, ಆಮೇಲೆ ಎಣಿಸಿದ್ದೆಲ್ಲ ವ್ಯರ್ಥ. ತಾಯಿಯ ಮಡಿಲಲ್ಲಿ ಮಲಗಿರುವಾಗಲೇ ಅಂಗಿ ಎತ್ತಿ, ಮುಟ್ಟದೆ, ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಳೆಗೂಸು ಕೆಲವು ಸೆಕೆಂಡ್ ಉಸಿರು ನಿಲ್ಲಿಸಿ ಮತ್ತೆ ಬೇಗ ಬೇಗ ಎಳೆಯುತ್ತದೆ, 15 ಸೆಕೆಂಡ್ ನೋಡಿ ನಾಲ್ಕರಿಂದ ಗುಣಿಸಿದರೆ ಅದು ಸಿಗುವುದೇ ಇಲ್ಲ. ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40, ಅಷ್ಟು ಅಥವಾ ಹೆಚ್ಚು ಬಂದರೆ ವೇಗದ ಉಸಿರು. ಜತೆಗೆ ಪಕ್ಕೆ ಸೆಳೆಯುತ್ತಿದ್ದರೆ ಚಾರ್ಟ್ ಬದಿಗಿಟ್ಟು ಡಾಕ್ಟರನ್ನು ಕರೆಯಿರಿ.

ಪುಸ್ತಕ ಇಂಗ್ಲಿಷಿನದು, ತಾಯಂದಿರ ಮಾತು ಅಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಹಾಕಿದ್ದೆ: 'ನೆತ್ತಿ ಕುಳಿ ಬಿದ್ದಿದೆ' ಎದುರಿಗೆ ಸಂಕನ್ ಫಾಂಟನೆಲ್, 'ಪಕ್ಕೆ ಸೆಳೆತ' ಎದುರಿಗೆ ಚೆಸ್ಟ್ ಇನ್‌ಡ್ರಾಯಿಂಗ್. ಇನ್ನೊಂದು, 'ಏನಾದರೂ ಔಷಧ ಕೊಟ್ಟಿದ್ದೀರಾ' ಅಂದರೆ ಇಲ್ಲ ಅನ್ನುತ್ತಾರೆ. ಬಜೆ ತೇಯ್ದು ಕೊಟ್ಟಿರಾ, ಮೂಗಿಗೆ ಎಣ್ಣೆ ಬಿಟ್ಟಿರಾ, ಸಾಂಬ್ರಾಣಿ ಹೊಗೆ ಹಾಕಿದಿರಾ ಅಂತ ಒಂದೊಂದೇ ಕೇಳಿದರೆ ಹೌದು ಅನ್ನುತ್ತಾರೆ, ಯಾಕೆಂದರೆ ಅವರ ಲೆಕ್ಕದಲ್ಲಿ ಅವು ಔಷಧವೇ ಅಲ್ಲ. ಮೂಗಿನ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರಬಲ್ಲದು, ಹಾಗಾಗಿ ಈ ಪ್ರಶ್ನೆ ಬಿಡಬೇಡಿ. ಬೆಂಗಳೂರಿನ ವಾರ್ಡಿನಲ್ಲಿ ಇವನ್ನೇ ತಮಿಳು, ತೆಲುಗು, ಉರ್ದುವಿನಲ್ಲೂ ಕೇಳಲು ಬರಬೇಕು, ಹತ್ತು ವಾಕ್ಯ ಕಲಿತರೆ ಸಾಕು.

ವೈವಾದಲ್ಲಿ (ಮೌಖಿಕ ಪರೀಕ್ಷೆ) ತಪ್ಪದೆ ಬರುವ ಒಂದು ಪ್ರಶ್ನೆ: ಕೂಸಿಗೆ ಸ್ನಾಯುವಿನ ಇಂಜೆಕ್ಷನ್ ಎಲ್ಲಿ? ತೊಡೆಯ ಮುಂಭಾಗದ ಹೊರಬದಿ. ಪೃಷ್ಠ ಅಲ್ಲ, ನಡೆಯಲು ಕಲಿಯುವ ತನಕ ಅಲ್ಲಿ ಸ್ನಾಯು ಬೆಳೆದಿರುವುದಿಲ್ಲ, ನರವೂ ಹತ್ತಿರ.

ಕೇರ್ ಪ್ಲಾನಿನಲ್ಲಿ (ಮಗುವಿನ ಆರೈಕೆ ಬಗ್ಗೆ ನಾವು ಬರೆದು ಕೊಡುವ ಯೋಜನೆ) ಅಂಕ ಹೋಗುವುದು 'ತಾಯಿಗೆ ಆರೋಗ್ಯ ಶಿಕ್ಷಣ ನೀಡಲಾಯಿತು' ಎಂಬ ಸಾಲಿನಲ್ಲಿ. ಏನು ಹೇಳಿಕೊಟ್ಟಿರಿ, ಅವರಿಗೆ ಬಂತೇ ಎಂಬುದು ಅದರಲ್ಲಿಲ್ಲ. ಡಿಸ್ಚಾರ್ಜ್ ದಿನ ಔಷಧದ ಸಿರಿಂಜನ್ನು ತಾಯಿಯ ಕೈಗೇ ಕೊಟ್ಟು ಲೋಟದ ನೀರು ಎಳೆಯಲು ಹೇಳಿ. ಮೇಲೆ ಹೇಳಿದ 250ರ ಸಿರಪ್ಪಾದರೆ 2.4ರ ಗೆರೆಗೆ ಪೆನ್ನಿನಲ್ಲಿ ಗುರುತು ಹಾಕಿ. ಗುಳ್ಳೆ ಬಂದರೆ ತಟ್ಟಿ ತೆಗೆಯುವುದನ್ನೂ ಅವರೇ ಮಾಡಲಿ. ಎರಡು ಸಲ ಸರಿಯಾಗಿ ಗುರುತಿಗೆ ನಿಲ್ಲಿಸಿದರೆ ಅದನ್ನೇ ಪ್ಲಾನಿನಲ್ಲಿ ಬರೆಯಿರಿ: '2.4 ಮಿಲಿ, ಎರಡು ಬಾರಿ, ತಾಯಿ ತಾವೇ ಎಳೆದು ತೋರಿಸಿದರು.'