ಬಿಲ್ಲು ತೋರಿಸಲು ಶುರು ಮಾಡಿದ ಮೇಲೆ ಕರೆಗಳು ಬಂದವು

ಏಳೆಂಟು ವರ್ಷದಿಂದ ಅಕ್ಕಪಕ್ಕದ ಹಿರಿಯರ ಮನೆಗಳಲ್ಲಿ ಸಣ್ಣಪುಟ್ಟ ರಿಪೇರಿ, ಅಟ್ಟ ಖಾಲಿ ಮಾಡಿಕೊಡುವ ಕೆಲಸ ಮಾಡುತ್ತಿದ್ದೇನೆ. ಮೊದಲೆರಡು ವರ್ಷ ಬಿಡಿಗಾಸೂ ಮುಟ್ಟಲಿಲ್ಲ. ವಾಷರ್ ನನ್ನದೇ, ಸ್ಕ್ರೂ ನನ್ನದೇ, ಟೆಫ್ಲಾನ್ ಟೇಪೂ ನನ್ನದೇ. ತಪ್ಪಿದ್ದೇ ಅಲ್ಲಿ. ಪುಕ್ಕಟೆ ಅಂದರೆ ಹಿರಿಯರು ಕರೆಯುವುದೇ ಇಲ್ಲ. ಯಾರ ಹಂಗೂ ಇಲ್ಲದೆ ಬಾಳಿದವರು ಅವರು. ಪಕ್ಕದ ಮನೆಯ ಮೇಷ್ಟ್ರು ಸಿಂಕಿನ ಕೆಳಗಿನ ಸೋರಿಕೆಗೆ ಡಬ್ಬಿ ಒಡ್ಡಿ ಐದಾರು ತಿಂಗಳು ತಳ್ಳಿದ್ದರು. ನನಗೆ ಗೊತ್ತಾಗುವ ಹೊತ್ತಿಗೆ ಹಲಗೆ ನೆನೆದು ಊದಿ ಪದರ ಪದರ ಬಿಟ್ಟಿತ್ತು. ಹತ್ತು ನಿಮಿಷದ ಕೆಲಸ ಎರಡು ದಿನದ ಮರಗೆಲಸವಾಯಿತು. ಆ ಹಲಗೆಯ ದುಡ್ಡಿಗೆ ನೂರು ವಾಷರ್ ಬರುತ್ತಿತ್ತೇನೋ.

ಆಮೇಲೆ ಪದ್ಧತಿ ಬದಲಿಸಿದೆ. ಸಾಮಾನಿನ ದುಡ್ಡನ್ನು ಬಿಲ್ಲು ತೋರಿಸಿ ಪೂರ್ತಿ ಇಸಿದುಕೊಳ್ಳುವುದು, ಕೂಲಿ ಮಾತ್ರ ಬೇಡ ಅನ್ನುವುದು. ಪ್ರತಿ ಮನೆಯಲ್ಲೂ ಒಂದು ನೋಟ್‌ಬುಕ್. ಏನು ಮಾಡಿದೆ, ಎಷ್ಟಾಯಿತು, ಬರೆಯುವವರು ಮನೆಯವರೇ. "ವಯಸ್ಸಾದವರ ಹತ್ತಿರ ಲೆಕ್ಕ ಕೇಳ್ತೀಯಾ?" ಎಂದು ಗೆಳೆಯರು ಮುಖ ಸಿಂಡರಿಸಿದರು. ಆ ವರ್ಷವೇ ಕರೆಗಳು ಸುಮಾರು ಮೂರು ಪಟ್ಟಾದವು, ಅದೂ ಸೋರಿಕೆ ಹನಿಯಾಗಿರುವಾಗಲೇ. ಅನುಮಾನಪಟ್ಟ ಇಬ್ಬರು ಈಗ ಇದೇ ದಾರಿ ಹಿಡಿದಿದ್ದಾರೆ.

ಬಚ್ಚಲಿನ ಹಿಡಿಕೆ ಕಂಬಿಯಲ್ಲಿ ನಾನು ಕಲಿತಿದ್ದು ಏಟು ತಿಂದೇ. ಮೊದಲು ಹಾಕಿದ ಕಂಬಿಯ ಪ್ಲಗ್ (ಸ್ಕ್ರೂ ಕಚ್ಚಿಕೊಳ್ಳಲು ತೂತಿಗೆ ತುರುಕುವ ಪ್ಲಾಸ್ಟಿಕ್ ಕೊಳವೆ) ಟೈಲ್ಸ್ ಮತ್ತು ಹಿಂದಿನ ಗಾರೆಯನ್ನಷ್ಟೇ ಕಚ್ಚಿತ್ತು. ಪರೀಕ್ಷೆಗೆಂದು ಜಗ್ಗಿದೆ; ಕಂಬಿ, ಟೈಲ್ಸಿನ ಚೂರು ಎರಡೂ ಕೈಗೆ ಬಂದವು. ಒದ್ದೆ ನೆಲದಲ್ಲಿ ಆ ಮನೆಯ ಅಜ್ಜಿ ಹಿಡಿದಿದ್ದರೆ? ಆ ರಾತ್ರಿ ನಿದ್ದೆ ಬರಲಿಲ್ಲ. ಈಗ ಟೈಲ್ಸ್ ದಾಟುವವರೆಗೆ ಡ್ರಿಲ್ಲಿನ ಹ್ಯಾಮರ್ (ಗುದ್ದುತ್ತಾ ಕೊರೆಯುವ ಸ್ವಿಚ್ಚು) ಆಫ್ ಇಟ್ಟು ನಿಧಾನ ಕೊರೆಯುತ್ತೇನೆ, ಆಮೇಲೆ ಇಟ್ಟಿಗೆಯೊಳಗೆ ಎರಡು ಇಂಚಾದರೂ ಇಳಿಸುತ್ತೇನೆ. ಕೊರೆದ ಪುಡಿ ಕೆಂಪಗೆ ಬರುವ ತನಕ ಇಟ್ಟಿಗೆ ಸಿಕ್ಕಿತು ಅಂತ ನಂಬುವುದಿಲ್ಲ. ಕೊನೆಗೆ ನನ್ನ ಎಪ್ಪತ್ತು ಚಿಲ್ಲರೆ ಕಿಲೋ ಪೂರ್ತಿ ನೇತುಹಾಕಿ ನೋಡುತ್ತೇನೆ. ಇಪ್ಪತ್ತಕ್ಕೂ ಹೆಚ್ಚು ಕಂಬಿ ಹಾಕಿದ್ದೇನೆ, ಒಂದೂ ಅಲುಗಿಲ್ಲ. ಟವೆಲ್ ರಾಡನ್ನೇ ಹಿಡಿದು ಏಳುವವರ ಮನೆಯಲ್ಲಿ ಮೊದಲು ಆ ರಾಡನ್ನೇ ತೆಗೆಯುತ್ತೇನೆ.

ತುಕ್ಕು ಹಿಡಿದು ತಲೆ ಸವೆದ ಸ್ಕ್ರೂ ತೆಗೆಯಲು ನನ್ನದೇ ಒಂದು ಉಪಾಯವಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಜೋತುಬಿದ್ದ ಬಾಗಿಲಿಗೆ ಮಾತ್ರ ಹೇಳುತ್ತೇನೆ: ಸಡಿಲಾದ ತೂತಿಗೆ ಫೆವಿಕಾಲ್ ಅದ್ದಿದ ಬೆಂಕಿಕಡ್ಡಿ ತುಂಬಿ, ಮದ್ದಿನ ತಲೆ ಮುರಿದು, ಒಂದು ರಾತ್ರಿ ಬಿಟ್ಟು ಅದೇ ಸ್ಕ್ರೂ ಹಾಕಿ.

ಅಟ್ಟದ ಕೆಲಸದಲ್ಲಿ ಒಮ್ಮೆ ಕೆಟ್ಟ ಹೆಸರು ತಂದುಕೊಂಡೆ. ತುಕ್ಕು ಮೊಳೆಯ ಡಬ್ಬಿ ಅಂದುಕೊಂಡು ಗುಜರಿಗೆ ಹಾಕಿದ್ದರಲ್ಲಿ, ಒಬ್ಬ ಅಜ್ಜನ ತೀರಿಹೋದ ಹೆಂಡತಿಯ ಹೊಲಿಗೆ ಯಂತ್ರದ ಬಾಬಿನ್‌ಗಳು, ಅಂದರೆ ದಾರ ಸುತ್ತುವ ಪುಟ್ಟ ಉರುಳೆಗಳಿದ್ದವು. ಆ ಅಜ್ಜ ಬೈಯಲಿಲ್ಲ. ಒಂದು ತಿಂಗಳು ಮಾತಾಡಲಿಲ್ಲ ಅಷ್ಟೇ. ಅಂದಿನಿಂದ ಅಟ್ಟ ಖಾಲಿ ಮಾಡಿದ ದಿನವೇ ಯಾವುದನ್ನೂ ಹೊರಗೆ ಹಾಕುವುದಿಲ್ಲ. ಬೇಡದ್ದು ಎಂದದ್ದೆಲ್ಲ ಪೆಟ್ಟಿಗೆಗೆ, ಪೆಟ್ಟಿಗೆ ಮೂಲೆಗೆ, ಮೂವತ್ತು ದಿನ. ಹತ್ತರಲ್ಲಿ ಒಂದೋ ಎರಡೋ ವಾಪಸ್ ಬರುತ್ತವೆ. ಬಚ್ಚಲು ತೊಳೆಯುವಾಗ ಇನ್ನೊಂದು ಎಚ್ಚರ: ಆಸಿಡ್ ಹಾಕಿದ ಕಡೆ ಬ್ಲೀಚ್ ಸುರಿಯಬೇಡಿ, ಕ್ಲೋರಿನ್ ಎಂಬ ವಿಷದ ಗಾಳಿ ಏಳುತ್ತದೆ.

ನಡುವೆ ಒಂದು ಪ್ರಯೋಗ. ಮೆಟ್ಟಿಲಿನ ಅಂಚಿಗೆ ಹಳದಿ ಟೇಪ್ ಅಂಟಿಸಿದೆ. ಎಲ್ಲ ಮೆಟ್ಟಿಲಿಗೂ ಹಾಕಿದಾಗ ಕಣ್ಣು ಗೊಂದಲವಾಗುತ್ತದೆ ಅಂದರು. ಮೊದಲನೆಯದು ಮತ್ತು ಕೊನೆಯದು ಮಾತ್ರ ಉಳಿಸಿದೆ, ಸರಿಹೋಯಿತು. ಬಾಗಿಲಿಗೆ ಗುಂಡು ಹಿಡಿಯ ಬದಲು ಉದ್ದ ಹಿಡಿಯ ಲಾಕ್ ಹಾಕಿದ್ದು ಕೀಲುನೋವಿನವರಿಗೆ ಇದಕ್ಕಿಂತ ಹೆಚ್ಚು ಹಿಡಿಸಿತು.

ಮೊನ್ನೆ ಮೇಷ್ಟ್ರ ನೋಟ್‌ಬುಕ್ ಮುಗಿಯಿತು. ಹೊಸದನ್ನು ಅವರೇ ತಂದು, ಗೆರೆ ಎಳೆದು, ಮೊದಲ ಸಾಲಿನಲ್ಲಿ "ಹಿಂಬಾಗಿಲ ಚಿಲಕ, ಬಿಗಿ" ಎಂದು ಬರೆದು ಇಟ್ಟಿದ್ದಾರೆ. ಭಾನುವಾರ ಹೋಗಬೇಕು.