ಔಟ್‌ಫೀಲ್ಡರ್ ತರಬೇತುದಾರನಾಗುವ ಬಗೆ

ವೃತ್ತಿಪರ ಬೇಸ್‌ಬಾಲ್‌ನಲ್ಲಿ ಔಟ್‌ಫೀಲ್ಡರ್ (ಮೈದಾನದ ಹೊರಭಾಗದಲ್ಲಿ ನಿಂತು ದೂರ ಬರುವ ಚೆಂಡು ಹಿಡಿಯುವ ಆಟಗಾರ) ಆಗಿರುವವರು ಮುಂದೆ ತರಬೇತುದಾರರಾಗಲು ಬಯಸಿದರೆ, ನಿವೃತ್ತಿಗಾಗಿ ಕಾಯದೆ ಆಡುತ್ತಿರುವಾಗಲೇ ಸಿದ್ಧತೆ ಆರಂಭಿಸಬೇಕು. ಎದುರಾಳಿ ಬ್ಯಾಟರ್ ಚೆಂಡನ್ನು ಯಾವ ದಿಕ್ಕಿಗೆ ಹೊಡೆದನು, ತಾವು ಎಲ್ಲಿ ನಿಂತಿದ್ದಿರಿ, ಮೊದಲ ಹೆಜ್ಜೆ ಸರಿಯಾಗಿತ್ತೇ ಎಂಬುದನ್ನು ಪ್ರತಿ ಪಂದ್ಯದ ನಂತರ ಬರೆದಿಡಿ. ದೇಹಕ್ಕೆ ರೂಢಿಯಾದದ್ದನ್ನು ಮಾತಿನಲ್ಲಿ ಬಿಡಿಸಿ ಹೇಳಲು ಬಾರದವರು, ಎಷ್ಟೇ ಒಳ್ಳೆಯ ಆಟಗಾರರಾಗಿದ್ದರೂ, ಕಲಿಸಲಾರರು.

ಅನೇಕರಿಗೆ ಮೊದಲ ಅವಕಾಶ ಸಿಗುವುದು ಕೆಳಹಂತದ ಮೈನರ್ ಲೀಗ್ ತಂಡಗಳಲ್ಲಿ. ಅಲ್ಲಿ ಫಂಗೋ ಎಂಬ ಉದ್ದನೆಯ, ಹಗುರವಾದ ಬ್ಯಾಟ್‌ನಿಂದ ಬಯಸಿದ ಜಾಗಕ್ಕೇ ಚೆಂಡು ಹೊಡೆಯುವುದನ್ನು ಕರಗತ ಮಾಡಿಕೊಳ್ಳಿ. ಆಟಗಾರನ ನೇರಕ್ಕೇ ಬರುವ ಚೆಂಡುಗಳನ್ನು ಹೆಚ್ಚಾಗಿ ಹೊಡೆಯಿರಿ, ಏಕೆಂದರೆ ಪಕ್ಕಕ್ಕೆ ಹೋಗುವ ಚೆಂಡಿಗಿಂತ ಅವುಗಳ ದೂರವನ್ನು ಅಂದಾಜಿಸುವುದು ಕಷ್ಟ. ತಲೆಯ ಮೇಲಿಂದ ಹಾರುವ ಚೆಂಡಿಗೆ ಹಿಮ್ಮುಖವಾಗಿ ಓಡದೆ, ಒಂದು ಪಾದವನ್ನು ಹಿಂದಕ್ಕಿಟ್ಟು ಮೈ ತಿರುಗಿಸಿ ಓಡುವುದನ್ನು ಕಲಿಸಿ. ಹಿಡಿದ ಕೂಡಲೇ ಚೆಂಡನ್ನು ಕಟ್‌ಆಫ್ ಆಟಗಾರನ (ದೂರದ ಎಸೆತವನ್ನು ನಡುವೆ ಹಿಡಿದು ಬೇಸ್‌ಗೆ ದಾಟಿಸುವವನ) ಎದೆಯ ಮಟ್ಟಕ್ಕೆ ಎಸೆಯುವ ಶಿಸ್ತು ಬಲವಾದ ತೋಳಿಗಿಂತಲೂ ಹೆಚ್ಚು ರನ್ ಉಳಿಸುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಅತ್ಯುನ್ನತ ಹಂತವಾದ ಮೇಜರ್ ಲೀಗ್‌ನಲ್ಲಿ ಫಸ್ಟ್ ಬೇಸ್ ತರಬೇತುದಾರರಿಗೆ (ಮೊದಲ ಬೇಸ್ ಬಳಿ ನಿಂತು ಓಟಗಾರರಿಗೆ ಸೂಚನೆ ಕೊಡುವವರಿಗೆ) ಔಟ್‌ಫೀಲ್ಡ್ ಮತ್ತು ಬೇಸ್ ಓಟದ ಹೊಣೆ ಹಲವೊಮ್ಮೆ ಒಟ್ಟಿಗೇ ಬರುತ್ತದೆ. ಆದ್ದರಿಂದ ಓಟಗಾರ ಯಾವಾಗ ಹೊರಡಬೇಕೆಂದು ತಿಳಿಯಲು ಪಿಚರ್‌ಗಳ (ಬ್ಯಾಟರ್‌ಗೆ ಚೆಂಡೆಸೆಯುವವರ) ಚಲನೆಯನ್ನು ಓದುವುದನ್ನೂ ಅಭ್ಯಾಸ ಮಾಡಿ. ಔಟ್‌ಫೀಲ್ಡರ್ ಆಗಿದ್ದ ಡೇವ್ ರಾಬರ್ಟ್ಸ್ 2011ರಲ್ಲಿ ಸ್ಯಾನ್ ಡಿಯಾಗೋ ಪ್ಯಾಡ್ರೆಸ್ ತಂಡದಲ್ಲಿ ಇದೇ ಹುದ್ದೆಗೆ ಬಂದರು, ಬಳಿಕ ಬೆಂಚ್ ಕೋಚ್ (ಮ್ಯಾನೇಜರ್‌ನ ಮುಖ್ಯ ಸಹಾಯಕ) ಆದರು, 2016ರ ಋತುವಿನಿಂದ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಮ್ಯಾನೇಜರ್ (ಮುಖ್ಯ ತರಬೇತುದಾರ) ಆಗಿ 2020ರಲ್ಲಿ ಮೇಜರ್ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದರು.