ಸೊಟ್ಟ ಬಾಯಿಯ ಬಟ್ಟಲಿಗೆ ಪಾದ ಕೆತ್ತಿದ್ದು

ಹಣತೆಯಲ್ಲಿ ಬತ್ತಿ ಇಡಲು ಚಿವುಟಿದ ಮೂತಿ ಇರುತ್ತದಲ್ಲ, ಅಂಥ ಮೂತಿಯನ್ನು ನಾಲ್ಕೂ ಕಡೆ ಇಟ್ಟು ಬಟ್ಟಲು ಮಾಡಬೇಕೆಂದು ನನಗೆ ಬಹಳ ದಿನದ ಆಸೆ. ತಿಗರಿಯ ಮೇಲೆ ದುಂಡಗೆ ಎತ್ತಿ, ಮಣ್ಣು ಹಸಿಯಿರುವಾಗಲೇ ಅಂಚನ್ನು ಬೆರಳಿಂದ ಎಳೆದರೆ ಮೂತಿ ಬರುತ್ತದೆ. ಕಷ್ಟ ಇರುವುದು ಟ್ರಿಮ್ಮಿಂಗ್‌ನಲ್ಲಿ. ಬಟ್ಟಲನ್ನು ಬೋರಲು ಹಾಕಿ, ತಳದ ದಪ್ಪ ಮಣ್ಣು ಕೆತ್ತಿ ಪಾದ, ಅಂದರೆ ಬಟ್ಟಲು ನಿಲ್ಲುವ ಅಡಿಯ ಬಳೆ, ತೆಗೆಯಬೇಕು. ಬೋರಲು ಹಾಕಿದರೆ ಅದು ನಿಲ್ಲುವುದು ಮೂತಿಗಳ ತುದಿಯ ಮೇಲೆ, ಆ ತುದಿಗಳೋ ಒಂದೇ ಎತ್ತರದಲ್ಲಿರುವುದಿಲ್ಲ.

ಮೊದಲನೆಯ ಬಟ್ಟಲನ್ನು ಬಾಯಿಯ ಅಂದಾಜಿನಲ್ಲಿ ನಡುವಿಗೆ ತಂದು, ಮಣ್ಣಿನ ಉಂಡೆ ಒತ್ತಿ ಕೂರಿಸಿದೆ. ತಳದ ಒಂದು ಪಕ್ಕ ದಪ್ಪಗೇ ಉಳಿದು, ಇನ್ನೊಂದು ಪಕ್ಕ ತೂತಾಯಿತು. ಎರಡನೆಯದರಲ್ಲಿ ಮೂತಿಯೇ ಮುರಿಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಆ ವಾರ ನಿಜಕ್ಕೂ ನೋವು ಕೊಟ್ಟಿತು.

ದಾರಿ ತೋರಿಸಿದ್ದು ಬೆಂಗಳೂರಿನ ಕುಂಬಾರರ ಬಡಾವಣೆ ಪಾಟರಿ ಟೌನಿನ ಒಬ್ಬ ಅಜ್ಜ. ಅವರ ಮನೆತನದಲ್ಲಿ ಮಡಕೆಯ ತಳವನ್ನು ಹಲಗೆಯಿಂದ ತಟ್ಟಿ ತೆಳ್ಳಗೆ ಮಾಡುವುದೇ ರೂಢಿ, ಕೆತ್ತುವುದಿಲ್ಲ. ಆದರೂ ನನ್ನ ಮುರಿದ ಬಟ್ಟಲನ್ನು ಒಮ್ಮೆ ತಿರುಗಿಸಿ ನೋಡಿ, “ಬಾಯಿ ಯಾಕ್ ನೋಡ್ತೀಯಮ್ಮ? ಅದನ್ನ ನೀನೇ ಸೊಟ್ಟ ಮಾಡಿದ್ದು. ಹೊಟ್ಟೆ ಇನ್ನೂ ದುಂಡಗೇ ಐತಲ್ಲ, ಅದನ್ನ ಹಿಡ್ಕೋ” ಅಂದರು.

ಹೊಟ್ಟೆಯನ್ನು ಒಳಗಿನಿಂದ ಹಿಡಿಯಲು ಬೇಕಾದದ್ದು ಚಕ್. ಮೇಲೂ ಕೆಳಗೂ ತೆರೆದ, ದಪ್ಪ ಗೋಡೆಯ ಮಣ್ಣಿನ ಕೊಳವೆ ಅದು. ನನ್ನದು 15 ಸೆಂ.ಮೀ. ಎತ್ತರ, ಬಾಯಿ ಸುಮಾರು 10 ಸೆಂ.ಮೀ.; ಒಮ್ಮೆ ಬಿಸ್ಕ್ ಸುಟ್ಟು, ಅಂದರೆ ಹೊಳಪಿನ ಲೇಪ ಹಾಕದೆ ಸುಟ್ಟು, ಇಟ್ಟುಕೊಂಡಿದ್ದೇನೆ. ಬಟ್ಟಲಿನ ಆಳಕ್ಕಿಂತ ಚಕ್ ಎತ್ತರವಿದ್ದರೆ ಮೂತಿಗಳು ಏನನ್ನೂ ತಾಗದೆ ಗಾಳಿಯಲ್ಲಿ ತೂಗುತ್ತವೆ. ಸುಟ್ಟ ಚಕ್ ನೀರು ಹೀರುತ್ತದೆ, ಹಾಗಾಗಿ ಮೊದಲು ನೆನೆಸುತ್ತೇನೆ. ಆಮೇಲೆ ತಿಗರಿಯ ನಡುವೆ ಕೂರಿಸಿ ಮೂರು ಉಂಡೆಯಿಂದ ಬಿಗಿ ಮಾಡಿ, ಅದರ ಬಾಯಿಯ ಸುತ್ತ ಹೆಬ್ಬೆರಳ ಗಾತ್ರದ ಮೆತ್ತನೆ ಮಣ್ಣಿನ ಸುರುಳಿ ಹಚ್ಚುತ್ತೇನೆ. ತಿಗರಿ ತಿರುಗಿಸುತ್ತಾ ಆ ಸುರುಳಿಯನ್ನೂ ದುಂಡು ಮಾಡಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ಕೆಡುತ್ತದೆ. ಅಂಟದಿರಲಿ ಎಂದು ಮೇಲೊಂದು ತೆಳು ಬಟ್ಟೆ.

ಬೋರಲು ಹಾಕುವ ಮುಂಚೆ ತಳದ ದಪ್ಪ ಅಳೆದುಬಿಡಿ. ಎದುರುಬದುರಾದ ಎರಡು ಮೂತಿಗಳ ಮೇಲೆ ಅಡ್ಡಲಾಗಿ ಸ್ಕೇಲ್ ಇಟ್ಟು, ಅದರಿಂದ ಒಳತಳಕ್ಕೆ ಎಷ್ಟು, ಹೊರಗೆ ಹಲಗೆಗೆ ಎಷ್ಟು ಎಂದು ನೋಡಿ ಕಳೆದರಾಯಿತು. ನನಗೆ 12 ಮಿ.ಮೀ. ಬಂದರೆ, ಪಾದದ ಒಳಗೆ 6 ಮಿ.ಮೀ.ಗಿಂತ ಹೆಚ್ಚು ಇಳಿಯುವುದಿಲ್ಲ.

ಬಟ್ಟಲನ್ನು ಚಕ್ ಮೇಲೆ ಇಳಿಸಿ, ತಳದ ಮೇಲೆ ಗಾರೆಯವರ ಪುಟ್ಟ ರಸಮಟ್ಟ ಇಡುತ್ತೇನೆ. ಗುಳ್ಳೆ ನಡುವಿಗೆ ಬರುವವರೆಗೆ ಮೆಲ್ಲಗೆ ಒತ್ತಿದರೆ ಸುರುಳಿ ತಾನೇ ಹೊಂದಿಕೊಳ್ಳುತ್ತದೆ. ರಸಮಟ್ಟ ತೆಗೆದು ನಿಧಾನಕ್ಕೆ ತಿರುಗಿಸುತ್ತಾ ಸೂಜಿಯಿಂದ ಹೊಟ್ಟೆಗೆ ಸೋಕಿಸಿದಾಗ ಗೆರೆ ಸುತ್ತಲೂ ಒಂದೇ ಸಮ ಬೀಳಬೇಕು.

ಕೆತ್ತುವಾಗ ಎಡಗೈ ಬೆರಳು ತಳದ ನಡುವಿನಿಂದ ಕದಲಬಾರದು, ಬಟ್ಟಲನ್ನು ಚಕ್‌ಗೆ ಒತ್ತಿ ಹಿಡಿಯುವುದು ಅದೇ. ಮಣ್ಣು ಶಾವಿಗೆಯಂತೆ ಉದ್ದಕ್ಕೆ ಎದ್ದರೆ ಹದ ಸರಿಯಿದೆ, ಪುಡಿಯಾದರೆ ಒಣಗಿದೆ, ಟೂಲಿಗೆ ಮೆತ್ತಿದರೆ ಇನ್ನೂ ಹಸಿ. ಬೆಂಗಳೂರಿನ ಮಾರ್ಚ್ ಬಿಸಿಲಿನಲ್ಲಿ ಬೆಳಿಗ್ಗೆ ಎತ್ತಿದ್ದು ಸಂಜೆಗೇ ಈ ಹದಕ್ಕೆ ಬರುತ್ತದೆ, ಜುಲೈ ಮೋಡದಲ್ಲಿ ಎರಡು ದಿನ ಕಾಯುತ್ತೇನೆ. ತೆಳ್ಳಗಿರುವ ಮೂತಿ ಬೇಗ ಒಣಗುವುದರಿಂದ ಕಾಯುವಾಗ ಅದಕ್ಕಷ್ಟೇ ಪ್ಲಾಸ್ಟಿಕ್ ಸುತ್ತಿರುತ್ತೇನೆ.

ಇನ್ನೊಂದು ಮಾತು, ಇದು ನನಗೆ ತಡವಾಗಿ ತಿಳಿದದ್ದು. ಮೂತಿಗಾಗಿ ಎಳೆದ ಏರಿಳಿತ ಎಲ್ಲಿ ಶುರುವಾಗುತ್ತದೋ ಅಲ್ಲಿಯವರೆಗೆ ಟೂಲ್ ಒಯ್ಯಬೇಡಿ. ಉಬ್ಬಿಗೆ ಸಿಕ್ಕಿ ಬಟ್ಟಲು ಹಾರುತ್ತದೆ. ಅಲ್ಲಿ ತಿಗರಿ ನಿಲ್ಲಿಸಿ, ತೆಳು ಲೋಹದ ಪಟ್ಟಿಯಿಂದ ಕೈಯಲ್ಲೇ ಕೆರೆಯುವುದು ಸರಿ.

ಮೂತಿಗಳ ಎತ್ತರ ಅರ್ಧ ಸೆಂ.ಮೀ. ಮಾತ್ರ ಹೆಚ್ಚುಕಡಿಮೆಯಿದ್ದರೆ ಚಕ್ ಬೇಡ, ಹಾಸಿಗೆ ಅಂಗಡಿಯ ದಪ್ಪ ಫೋಮ್ ತುಂಡು ಸಾಕು. ಮೊದಲು ಕೆತ್ತಿ ಆಮೇಲೆ ಮೂತಿ ಎಳೆಯುವವರೂ ಇದ್ದಾರೆ. ನನಗದು ಹಿಡಿಸಲಿಲ್ಲ. ಅಷ್ಟು ಹೊತ್ತಿಗೆ ಅಂಚು ಬಿಗಿದಿರುತ್ತದೆ, ಹಸಿಮಣ್ಣು ಬೆರಳಿಗೆ ಒಲಿದು ಬಾಗುವ ಆ ಬಳುಕು ಬರುವುದಿಲ್ಲ.